ಅಳಿಯನೆದುರು ತುಕ್ಕರಾಯನ ಅರ್ಥ

ಮಾತಿನಲ್ಲಿ ನನ್ನನ್ನು ಸೋಲಿಸುವವರು ಸಾಲಿಗ್ರಾಮದ ಸುತ್ತಮುತ್ತ ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದ ಕಾಲವದು. ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವ, ರಜೆ ಬಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ಪಾತ್ರ ನಡೆಸುವ ತಾಳಮದ್ದಳೆಯಲ್ಲಿ ಅರ್ಥ ಹೇಳಿದವ. ಹಾಗಾಗಿ ಮಗಳು ಶ್ವೇತಾಳನ್ನು ನೋಡಲು ಬೈಂದೂರಿನಿಂದ ಗಂಡಿನ ಕಡೆಯವರು ಬರುತ್ತಾರೆಂದಾಗ ನನಗೆ ಅಳುಕಿರಲಿಲ್ಲ. ಅಳುಕೆಲ್ಲ ಶ್ವೇತಾಳಿಗೆ. ಹುಡುಗ ಪ್ರದೀಪ ಅವಳೇ ಮೆಚ್ಚಿದವನು.

"ಅಪ್ಪಯ್ಯ, ಅವ್ರಿಗೆ ಮಾತ್ ಕಮ್ಮಿ. ಮೇಜಿನ್ ಮೇಲೆ ಸಣ್ಣ ಸಣ್ಣ ಗೊಂಬಿ ಇಟ್ಕಂಡ್ ಯುದ್ಧ ಮಾಡು ಒಂದ್ ಆಟ ಇತ್ತ್. ಅದ್ರ್ ಮೇಲೆ ಅವ್ರಿಗೆ ಜೀವ. ಅವ್ರನ್ನ ಮಾತಾಡ್ಸುಕೆ ನೀವ್ ಅದ್ರ್ ವಿಷ್ಯವೇ ತೆಗೀನಿ. ಅವ್ರ್ ಸೋದರಮಾವ ಒಪ್ದೆ ಆ ಮನಿಯಗೆ ಎಂತದೂ ನಡೂದಿಲ್ಲ, ನೆನಪಿರ್ಲಿ" ಎಂದಳು.

ಅದಕ್ಕೇನು? ಹೊಸ ಪ್ರಸಂಗಕ್ಕೆ ತಯಾರಾಗುವಂತೆ ನೋಟ್‌ಪುಸ್ತಕ ಹಿಡಿದು, ಮೊಬೈಲಿನಲ್ಲಿ ಆ ಆಟದ ಕಥೆ ಹುಡುಕಿ ಓದತೊಡಗಿದೆ. ಓದಿದಷ್ಟೂ ಮುಗಿಯದ ಪುರಾಣ. ಸೂರ್ಯರೆಲ್ಲ ಆರಿಹೋದ ಕಾಲ, ಸಾವಿರಾರು ಲೋಕ, ಎಲ್ಲ ಲೋಕದಲ್ಲೂ ಯುದ್ಧ. ಮಹಾರಾಜ ಸತ್ತು ನೂರು ತಲೆಮಾರಾಗಿದೆ. ಅದನ್ನು ಹೇಳುವ ಧೈರ್ಯ ಯಾರಿಗೂ ಇಲ್ಲದ್ದರಿಂದ ಆಡಳಿತ ಸುಸೂತ್ರವಾಗಿ ನಡೆಯುತ್ತಿದೆ! ಅವನ ಶತ್ರುಗಳು ಮುಟ್ಟಿದ್ದನ್ನೆಲ್ಲ ತುಕ್ಕು ಹಿಡಿಸುವ ಜನ. ಅವರ ದೊರೆಗೆ ನಾನೇ ತುಕ್ಕರಾಯ ಎಂದು ಹೆಸರಿಟ್ಟೆ. ಕಡಲ ಗಾಳಿಗೆ ನಮ್ಮ ಗೇಟನ್ನು ಮೂರು ಸಲ ಬದಲಿಸಿದವನಿಗೆ ಆ ದೊರೆಯ ಪರಾಕ್ರಮ ಬೇಗ ಅರ್ಥವಾಯಿತು.

ಆದರೆ ಒಂದು ವಾರವಾಗುವಾಗ ನನಗೆ ಹೆದರಿಕೆ ಶುರುವಾಯಿತು. ಅಷ್ಟು ಲೋಕಗಳಲ್ಲಿ ಒಬ್ಬನೂ ಕೂತು ಊಟ ಮಾಡುವುದಿಲ್ಲ. ಮದುವೆ ಎಂಬುದೇ ಇಲ್ಲ. ಗೆದ್ದವರೂ ಸಾಯುತ್ತಾರೆ. ಇಂಥ ಕಥೆಯನ್ನು ಇಷ್ಟಪಡುವವನ ಕೈಯಲ್ಲಿ ಮಗಳನ್ನು ಕೊಡುವುದೇ? ಹೆಂಡತಿ ಸುಮತಿಗೆ ಹೇಳಿದೆ.

"ನೀವ್ ಅರ್ಥ ಹೇಳು ಪ್ರಸಂಗದಗೆ ಎಂತ, ಎಲ್ಲರೂ ಕೂಕಂಡ್ ಪಾಯ್ಸ ಉಂತ್ರಾ? ಸುಮ್ನಿರಿ ಕಾಂಬ" ಎಂದಳು.

ಆ ದಿನ ಬಂತು. ಹುಡುಗ, ಅವನ ತಾಯಿ, ಸೋದರಮಾವ ಕೂತರು. ಮಾವನವರದು ದಪ್ಪ ಮೀಸೆ, ಮುಖದಲ್ಲಿ ನಗೆಯಿಲ್ಲ. ಹುಡುಗ ತಲೆ ತಗ್ಗಿಸಿ ಅವಲಕ್ಕಿ ತಿನ್ನುತ್ತಿದ್ದ. ಆದರೂ ಧೈರ್ಯ ಮಾಡಿ ಕೇಳಿದೆ, "ನಿಮ್ ಆಟದಗೆ ನಿಮ್ದ್ ಯಾವ ಪಡೆ?"

ಅವನ ಕಣ್ಣರಳಿತು. "ಮಹಾರಾಜನ ಕಾವಲ್ ಪಡೆ" ಎಂದ.

ಅಷ್ಟೇ ಸಾಕಾಯಿತು! ಎದುರಿಗೊಬ್ಬ ಒಂದು ಪಾತ್ರ ಹಿಡಿದರೆ ನನ್ನ ನಾಲಗೆ ತಾನಾಗಿ ಎದುರಾಳಿಯ ಪಾತ್ರ ಹಿಡಿಯುತ್ತದೆ. ಹಳೆಯ ಚಾಳಿ. ಶಾಲು ಸರಿಪಡಿಸಿಕೊಂಡು ತುಕ್ಕರಾಯನಾದೆ.

"ಎಲೈ ಕಾವಲುಗಾರನೇ! ಸತ್ತವನನ್ನು ಬದುಕಿದ್ದಾನೆಂದು ಸಾರಿ ಹೊಟ್ಟೆ ಹೊರೆಯುವ ನಿನಗೆ ನಾಚಿಕೆಯೆಂಬುದು ಉಂಟೋ? ನಿನ್ನ ಅಜ್ಜ ಹೆಣ ಕಾಯ್ದ, ನಿನ್ನ ಅಪ್ಪ ಹೆಣ ಕಾಯ್ದ. ಹೆಣ ಕಾಯುವುದೇ ಕುಲವೃತ್ತಿಯಾದ ನೀನು ನನ್ನ ಮನೆಬಾಗಿಲಿಗೆ ಯಾವ ಮುಖ ಹೊತ್ತು ಬಂದೆ?"

ಹುಡುಗ ಅವಲಕ್ಕಿ ಬಿಟ್ಟು ನನ್ನನ್ನೇ ನೋಡಿದ. ಅರ್ಥಧಾರಿಗೆ ಎದುರಾಳಿಯ ಮೌನವೆಂದರೆ ಅರ್ಧ ಗೆಲುವು. ಹುರುಪೇರಿ ಅವನ ಏಳು ತಲೆಮಾರನ್ನೂ ಜಾಲಾಡಿದೆ. ಮಾವನವರ ಕಾಫಿ ಲೋಟ ಮೀಸೆಯ ಹತ್ತಿರವೇ ನಿಂತಿತ್ತು.

"ಹ್ವಾಯ್" ಎಂದರು ಅವರು. "ನಮ್ ಭಾವ, ಇವ್ನ ಅಪ್ಪಯ್ಯ, ತೀರ್ಕಂಡ್ ಒಂದ್ ವರ್ಷ ಆಯ್ಲ. ನಮ್ ಕುಲದ್ ವಿಷ್ಯ ಎಂತ ಮಾತಾಡುದ್ ನೀವ್?"

"ಅದ್... ತುಕ್ಕರಾಯ ಹೇಳುದ್" ಎಂದೆ.

"ಅವ ಯಾರ್?"

ಸಹಾಯಕ್ಕಾಗಿ ಪ್ರದೀಪನ ಮುಖ ನೋಡಿದೆ. ಅವನು ಮೆಲ್ಲಗೆ ಹೇಳಿದ, "ನಂಗೂ ಗೊತ್ತಿಲ್ಲ. ಆ ಆಟದ್ ಕಥೆ ನಾನ್ ಓದ್ಲಿಲ್ಲ. ಗೊಂಬಿಗೆ ಬಣ್ಣ ಹಚ್ಚುದ್ ಮಾತ್ರ ನಂಗೆ ಇಷ್ಟ."

ಮೂರೂ ಲೋಕ ನನ್ನ ಸುತ್ತ ತಿರುಗಿತು. ಅವರು ಊಟಕ್ಕೆ ನಿಲ್ಲದೆ ಎದ್ದು ಹೋದರು. ಸುಮತಿ ಮಾಡಿದ ಹೋಳಿಗೆ ಹಾಗೇ ಉಳಿಯಿತು. ಶ್ವೇತಾ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಫೋನು ಸದ್ದಾದಾಗಲೆಲ್ಲ ಓಡಿಹೋಗಿ ನೋಡುತ್ತಿದ್ದೆ. ಮಗಳ ಬದುಕನ್ನು ನನ್ನ ಬಾಯಿಯಿಂದಲೇ ಹಾಳು ಮಾಡಿದೆನಲ್ಲಾ ಎಂದು ಕೊರಗಿದೆ.

ಮೂರನೆಯ ದಿನ ಹುಡುಗನ ತಾಯಿಯ ಫೋನು ಬಂತು. "ಅವ್ನ ಅಪ್ಪಯ್ಯ ಹೋದ್ ಮೇಲೆ ನನ್ ಮಗ ನೆಗಿ ಮಾಡಿದ್ದೇ ಇಲ್ಲ. ಮೊನ್ನೆ ನಿಮ್ ತುಕ್ಕರಾಯನ್ ನೆನ್ಸ್ಕಂಡ್ ಕಾರಗೆ ನೆಗಾಡುಕೆ ಶುರು ಮಾಡ್ದವ ಬೈಂದೂರ್ ಬಪ್ಪಲ್ಲಿವರೆಗೂ ನಿಲ್ಸ್ಲಿಲ್ಲ. ಅಣ್ಣನಿಗೆ ನಾನ್ ಹೇಳಿದ್ದೆ. ಒಪ್ಪಿರ್" ಎಂದರು. ಮಾವನವರದು ಒಂದೇ ಷರತ್ತು: ಮದುವೆಯ ದಿನ ನನ್ನ ಕೈಗೆ ಮೈಕು ಕೊಡಬಾರದು.

ನಿಶ್ಚಿತಾರ್ಥಕ್ಕೆ ಪ್ರದೀಪ ನನಗೊಂದು ಹೆಬ್ಬೆರಳುದ್ದದ ಗೊಂಬೆ ತಂದಿದ್ದ. ತಾನೇ ಬಣ್ಣ ಹಚ್ಚಿದ ತುಕ್ಕರಾಯ! ನನ್ನದೇ ಬೋಳು ತಲೆ, ನನ್ನದೇ ಶಾಲು. ಸುಮತಿ ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಎಲ್ಲ ನಿಮ್ಮಂಗೇ ಇತ್ತ್. ಬಾಯಿ ಮಾತ್ರ ಮುಚ್ಕಂಡಿತ್ತ್" ಎಂದಳು.

ಇದಕ್ಕೆ ತಕ್ಕ ಉತ್ತರ ಕೊಡಲು ನಾನು ಶಾಲು ಸರಿಪಡಿಸಿಕೊಂಡೆ. ಶ್ವೇತಾ ನನ್ನ ಕಡೆ ಒಮ್ಮೆ ನೋಡಿದಳು. ಗೊಂಬೆಯ ಹಾಗೆ ಕೂತೆ.