ಕಣಕಟ್ಟೆ ಕೀರ್ತಿಭವನದ ರಿಂಗು ಬಳಕೆಯಲ್ಲಿದೆ

ಅರಸೀಕೆರೆ ತಾಲ್ಲೂಕು ಕಣಕಟ್ಟೆಯಲ್ಲಿ ಬಾಕ್ಸಿಂಗ್ ಕೀರ್ತಿಭವನವೊಂದು ಇದೆಯೆಂಬುದು ದಾಖಲೆಗಳಿಂದ ದೃಢಪಟ್ಟಿರುವ ಸಂಗತಿ. ಬಸ್ ಸ್ಟ್ಯಾಂಡಿನಿಂದ ನಡೆದು ಹೋದರೂ ಸಿಗುತ್ತದೆ. ಮಹಾನ್ ಬಾಕ್ಸರುಗಳ ಹೆಸರನ್ನೂ ಭಾವಚಿತ್ರವನ್ನೂ ಶಾಶ್ವತವಾಗಿ ಕಾಪಾಡುವುದು ಅದರ ಧ್ಯೇಯ. ಕಟ್ಟಡ ಎದ್ದು ಎಂಟು ತಿಂಗಳಾದರೂ ಕಾಪಾಡಲು ಬಾಕ್ಸರ್ ಸಿಕ್ಕಿರಲಿಲ್ಲ, ಅಷ್ಟೇ. ಛತ್ರ ಕಟ್ಟಿದರೆ ಮದುವೆ ತಾನಾಗಿ ಬರುತ್ತದೆ ಎಂಬುದು ನಮ್ಮ ಸಮಿತಿಯ ನಂಬಿಕೆ. ನಾನು ಸಮಿತಿಯ ಕಾರ್ಯದರ್ಶಿ. ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ನನ್ನ ಕರಡಿನ ಬಗ್ಗೆ ಇಂದಿನವರೆಗೆ ಯಾರೂ ಆಕ್ಷೇಪ ಎತ್ತಿಲ್ಲ.

ಭವನ ಕಣಕಟ್ಟೆಗೇ ಯಾಕೆ ಬಂತು ಎಂದು ಕೆಲವರು ಕೇಳುತ್ತಾರೆ. ಬೇಲೂರು, ಹಳೇಬೀಡು ನೋಡಿ ಬಂದ ಪ್ರವಾಸಿಗರು ಅಷ್ಟೊಂದು ಶಿಲ್ಪ ನೋಡಿ ದಣಿದಿರುತ್ತಾರೆ, ಅವರ ಕಣ್ಣಿಗೆ ವಿಶ್ರಾಂತಿ ಕೊಡಲು ಒಳಗೆ ಏನೂ ಇಲ್ಲದ ಒಂದು ಕಟ್ಟಡ ಅತ್ಯಗತ್ಯ ಎಂದು ಯೋಜನಾ ವರದಿಯಲ್ಲಿ ಬರೆದವನು ನಾನೇ. ಜಾವಗಲ್ಲಿನ ಹೆಸರು ಆಗಲೇ ಕ್ರಿಕೆಟ್ಟಿನ ಪಾಲಾಗಿತ್ತು. ಮೇಲಾಗಿ ಜಾಗ ಕೊಟ್ಟವರು ನಮ್ಮ ಅಧ್ಯಕ್ಷರಾದ ಇಂದುಧರ ಅವರು. ಕೊಬ್ಬರಿ ವ್ಯಾಪಾರಿಗಳು, ದೊಡ್ಡ ಮನಸ್ಸಿನವರು. ಕೊಟ್ಟ ಜಾಗ ಅವರ ತೋಟದ ಅಂಚಿನಲ್ಲಿ, ಅವರ ಮನೆಯ ಹಿಂಬಾಗಿಲಿಗೆ ಸರಿಯಾಗಿ ಇತ್ತು.

ಭವನದ ನಿಯಮಾವಳಿಯಲ್ಲಿ ಎರಡು ನಿಯಮಗಳು ಮುಖ್ಯ. ನಿಯಮ ಮೂರು: ಕೀರ್ತಿಭವನಕ್ಕೆ ಸೇರ್ಪಡೆಯಾಗುವ ಬಾಕ್ಸರ್ ನಿವೃತ್ತರಾಗಿ ಐದು ವರ್ಷ ಕಳೆದಿರತಕ್ಕದ್ದು. ನಿಯಮ ಏಳು: ಭವನದ ನಡುವೆ ಇರುವ ರಿಂಗನ್ನು, ಸೇರ್ಪಡೆಯಾದವರ ಹೊರತು ಬೇರೆ ಯಾವ ವ್ಯಕ್ತಿಯೂ ಹತ್ತತಕ್ಕದ್ದಲ್ಲ.

ಮೊದಲ ಸಭೆಯಲ್ಲಿ ಸದಸ್ಯರಾದ ಬಸವಕುಮಾರ್ ಅವರು ಹೊಯ್ಸಳರ ಮೂಲಪುರುಷ ಸಳನ ಹೆಸರು ಸೂಚಿಸಿದರು. ಆತ ನಿವೃತ್ತನಾಗಿ ಐದು ವರ್ಷ ಕಳೆದಿರುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ಬೇಲೂರಿನ ಶಿಲ್ಪದಲ್ಲಿ ಅವನ ಕೈಯಲ್ಲಿ ಆಯುಧವಿರುವುದು ಫೌಲ್ ಎಂದೂ, ಎದುರಾಳಿ ಪ್ರಾಣಿ ಅದೇ ತೂಕದ ವರ್ಗಕ್ಕೆ ಸೇರಿದ್ದಲ್ಲ ಎಂದೂ ಆಕ್ಷೇಪ ಬಂತು. ವಾಸಸ್ಥಳ ದೃಢೀಕರಣ ಬಂದ ಮೇಲೆ ಪರಿಶೀಲಿಸುವುದೆಂದು ತೀರ್ಮಾನಿಸಲಾಯಿತು. ಅದು ಇನ್ನೂ ಬಂದಿಲ್ಲ.

ಇಷ್ಟರಲ್ಲಿ ಕಾವ್ಯಶ್ರೀ ಎಂಬ ಹುಡುಗಿಯ ಅರ್ಜಿ ಬಂತು. ಹತ್ತೊಂಬತ್ತು ವರ್ಷ, ಇದೇ ಊರಿನವಳು. ತಾಯಿ ಕೆಂಪಲಕ್ಷ್ಮಮ್ಮ ಇಂದುಧರ ಅವರ ಕಣದಲ್ಲೇ ಕೊಬ್ಬರಿ ಕೆಲಸ ಮಾಡುವವರು. ನಮ್ಮ ತಾಲ್ಲೂಕಿನಲ್ಲಿ ಹೊಡೆದಾಡುವವರಿಗೆ ಬರವಿಲ್ಲ, ಆದರೆ ಬಾಕ್ಸಿಂಗ್ ಮಾಡುವವಳು ಇವಳೊಬ್ಬಳೇ. ಅರಸೀಕೆರೆಯಲ್ಲಿ ಕಾಲೇಜಿಗೆ ಹೋಗುವಾಗ ಪಿ.ಟಿ. ಮೇಷ್ಟ್ರಿಂದ ಕಲಿತು, ಗೋಣಿಚೀಲಕ್ಕೆ ತೆಂಗಿನ ನಾರು ತುಂಬಿ ಮನೆಯ ತೊಲೆಗೆ ನೇತುಹಾಕಿ, ಮೂರು ವರ್ಷದಿಂದ ಗುದ್ದುತ್ತಿದ್ದಳು. ಮೈದಾನದ ಮಣ್ಣಿನಲ್ಲೇ ನಡೆದ ಜಿಲ್ಲಾ ಪಂದ್ಯಗಳಲ್ಲಿ ಎರಡು ಪದಕವೂ ಬಂದಿದ್ದವು.

"ರಾಜ್ಯ ತಂಡದ ಆಯ್ಕೆಗೆ ಇನ್ನು ಮೂರೇ ತಿಂಗಳು ಸಾರ್," ಎಂದಳು. "ಹೋದ್ಸಲ ನೆಲದಿಂದ್ಲೇ ಸೋತೆ. ಅಲ್ಲಿವರೆಗೂ ನಾನು ಮಣ್ಣಿನ ನೆಲ ಬಿಟ್ಟು ಬೇರೆ ನೆಲನೇ ಕಂಡಿರ್ಲಿಲ್ಲ. ರಿಂಗಿನ ನೆಲ ಮೆತ್ತಗೆ ಕುಣೀತದೆ, ಕಾಲು ನಿಲ್ಲಲಿಲ್ಲ. ಭವನದ ರಿಂಗು ದಿನಾ ಒಂದು ಗಂಟೆ ಬಿಟ್ಟುಕೊಟ್ರೆ ಸಾಕು. ಈ ಸಲ ಆದ್ರೆ ಕ್ರೀಡಾ ಕೋಟಾದಲ್ಲಿ ಕೆಲಸ ಆಯ್ತದೆ, ಅವ್ವಂಗೂ ಒಂದು ಸ್ವಲ್ಪ ಕೂತ್ಕೊಳ್ಳೋಕೆ ಆಯ್ತದೆ."

ಅರ್ಜಿ ನ್ಯಾಯವಾಗಿಯೇ ಇತ್ತು. ಆದರೆ ರಿಂಗಿನಲ್ಲಿ ಆ ಹೊತ್ತಿಗೆ ಹನ್ನೆರಡು ಸಾವಿರ ತೆಂಗಿನಕಾಯಿಗಳಿದ್ದವು.

ಇದರಲ್ಲಿ ಅಚ್ಚರಿಪಡುವಂಥದ್ದೇನಿಲ್ಲ. ಉಂಡೆ ಕೊಬ್ಬರಿ ಮಾಡುವವರಿಗೆ ಗೊತ್ತು, ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ವರ್ಷ ತುಂಬುವವರೆಗೆ ಕದಲಿಸಬಾರದು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಅಧ್ಯಕ್ಷರ ಅಟ್ಟ ಆ ವರ್ಷ ತುಂಬಿಹೋಗಿತ್ತು. ರಿಂಗು ನೋಡಿದರೆ ಕೆಳಗೆ ಗಾಳಿಯಾಡುತ್ತದೆ, ಮೇಲೆ ತಗಡಿನ ಕಾವಿದೆ, ಕಾಯಿ ಉರುಳದಂತೆ ಸುತ್ತ ನಾಲ್ಕು ಸಾಲು ಹಗ್ಗವಿದೆ. "ಇಂಥ ಅಟ್ಟ ನಮ್ಮಪ್ಪನ ಕಾಲದಲ್ಲೂ ಇರ್ಲಿಲ್ಲ ಕಣ್ರೀ," ಎಂದು ಅವರು ಹಗ್ಗ ಸವರುತ್ತ ಹೇಳಿದ್ದು ನನಗೆ ನೆನಪಿದೆ. ನಿಯಮ ಏಳು ವ್ಯಕ್ತಿಗಳಿಗೆ ಮಾತ್ರ ಅನ್ವಯವಾಗುವುದರಿಂದ ಕಾಯಿಗಳಿಗೆ ಅಡ್ಡಿ ಬರಲಿಲ್ಲ; ಆಳುಗಳು ಹಗ್ಗದ ಈಚೆ ನಿಂತೇ ಸುರಿದರು. ನಾನು ಕಾವ್ಯಶ್ರೀಗೆ ಹಿಂಬರಹ ಕೊಟ್ಟೆ: "ರಿಂಗು ಸದ್ಯ ಬಳಕೆಯಲ್ಲಿದೆ."

ಮರುವಾರವೇ ಬೆಂಗಳೂರಿನಿಂದ ಪತ್ರ ಬಂತು. ಕೀರ್ತಿಭವನದ ಪ್ರಸ್ತುತತೆ ಮತ್ತು ಭವಿಷ್ಯವನ್ನು ಪರಿಶೀಲಿಸಲು ತಪಾಸಣಾಧಿಕಾರಿ ಹೇಮಲತಾ ಅವರು ತಿಂಗಳ ಕೊನೆಗೆ ಬರುವವರಿದ್ದರು. ಅಷ್ಟರೊಳಗೆ ಒಬ್ಬ ಬಾಕ್ಸರನಾದರೂ ಸೇರ್ಪಡೆಯಾಗಿರದಿದ್ದರೆ ಕಟ್ಟಡ ಖಾಲಿ ಮಾಡಿ ಬೀಗದ ಕೈ ಒಪ್ಪಿಸಬೇಕೆಂದಿತ್ತು. ಖಾಲಿ ಮಾಡುವುದೆಂದರೆ ಕಾಯಿ ಕದಲಿಸುವುದು. ಇಂದುಧರ ಅವರಿಗೆ ಆ ದಿನ ಊಟ ಸೇರಲಿಲ್ಲ. ಸಂಜೆ ತುರ್ತು ಸಭೆ ಸೇರಿ, ಬಾಕ್ಸಿಂಗಿಗೆ ಸಲ್ಲಿಸಿದ ಜೀವಮಾನದ ಸೇವೆಗಾಗಿ ಕುಮಾರಿ ಕಾವ್ಯಶ್ರೀಯನ್ನು ನಿವೃತ್ತಿಗೊಳಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.

ನಾವು ಅವರ ಮನೆಗೆ ಹೋದಾಗ ಅವಳು ಚೀಲ ಗುದ್ದುತ್ತಿದ್ದಳು.

"ನಿವೃತ್ತಿನಾ? ನಾನಿನ್ನೂ ಶುರುನೇ ಮಾಡಿಲ್ವಲ್ಲ!" ಎಂದಳು.

"ಅದೇ ಒಳ್ಳೇದು ಕಣವ್ವ, ಏಟು ಬೀಳೋಕೆ ಮುಂಚೆ," ಎಂದರು ಇಂದುಧರ. "ನಿಂದೇ ಮೊದಲ್ನೇ ಫೋಟೋ. ಗೋಡೆ ಪೂರ್ತಿ ನಿಂದೇ."

"ಸಾವ್ಕಾರ್ರೇ, ಮಗು ಇನ್ನೂ ಆಡ್ಬೇಕು ಅಂತೈತೆ," ಎಂದರು ಕೆಂಪಲಕ್ಷ್ಮಮ್ಮ, ಬಾಗಿಲ ಹತ್ತಿರ ನಿಂತು.

"ಆಡ್ಲಿ, ಯಾರು ಬ್ಯಾಡ ಅಂದೋರು? ಸೇರ್ಪಡೆಯಾದೋರು ರಿಂಗು ಹತ್ಬೋದು ಅಂತ ನಿಯಮಾನೇ ಐತೆ. ಫಂಕ್ಷನ್ ಮುಗಿದ ಮಾರನೇ ದಿನವೇ ಕಾಯಿ ತೆಗಿಸ್ತೀನಿ."

ಕಾವ್ಯಶ್ರೀ ನನ್ನ ಮುಖ ನೋಡಿದಳು. ಕಾಗದ ಬರೆಯುವವನು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ನಾನು, "ನಿವೃತ್ತಿ ಬರೀ ಕಾಗದದ ಮೇಲೆ ಕಣಮ್ಮ," ಎಂದೆ. ಅವಳು ನಿಯಮ ಏಳನ್ನು ಎರಡು ಸಲ ಓದಿ ರುಜು ಹಾಕಿದಳು.

ಐದು ವರ್ಷದ ಷರತ್ತನ್ನು ಪೂರ್ವಾನ್ವಯದಿಂದ ಪರಿಹರಿಸಲಾಯಿತು. ಅದರಂತೆ ಅವಳು ಹದಿನಾಲ್ಕನೇ ವಯಸ್ಸಿನಲ್ಲಿ ಬಾಕ್ಸಿಂಗಿನಿಂದ ನಿವೃತ್ತಳಾಗಿ, ಹದಿನಾರನೇ ವಯಸ್ಸಿನಲ್ಲಿ ಬಾಕ್ಸಿಂಗ್ ಆರಂಭಿಸಿದಳು. ಎರಡು ಪದಕಗಳನ್ನು 'ನಿವೃತ್ತಿಯ ನಂತರದ ಸಾಧನೆಗಳು' ಎಂಬ ಚೀಟಿ ಅಂಟಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟೆವು. ನಾರಿನ ಚೀಲವನ್ನೂ ಗ್ಲೌಸನ್ನೂ ಐತಿಹಾಸಿಕ ವಸ್ತುಗಳೆಂದು ಘೋಷಿಸಿ ತಂದುಕೊಂಡೆವು. ಅವರ ಮನೆಯ ತೊಲೆಯಲ್ಲಿ ಹಗ್ಗ ಮಾತ್ರ ಉಳಿಯಿತು.

ಸಮಾರಂಭ ಚೆನ್ನಾಗಿ ನಡೆಯಿತು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಇತ್ತು. ಪೇಟ ದೊಡ್ಡದಾಗಿ ಅವಳ ಕಣ್ಣಿನವರೆಗೂ ಜಾರಿದ್ದರಿಂದ ಅವಳು ಅಳುತ್ತಿದ್ದಳೋ ಇಲ್ಲವೋ ಯಾರಿಗೂ ಕಾಣಲಿಲ್ಲ. ತಪಾಸಣಾಧಿಕಾರಿಗಳು ರಿಂಗಿನ ಮುಂದೆ ಒಂದು ಕ್ಷಣ ನಿಂತರು.

"ಇವೇನು?" ಎಂದು ಕೇಳಿದರು.

"ಸ್ಥಳೀಯ ವಸ್ತು ಪ್ರದರ್ಶನ, ಮೇಡಂ," ಎಂದೆ.

'ರಿಂಗಿನಲ್ಲಿ ಹನ್ನೆರಡು ಸಾವಿರ ವಸ್ತುಗಳ ಪ್ರದರ್ಶನವಿರುತ್ತದೆ, ಜಿಲ್ಲೆಯಲ್ಲೇ ಅತಿ ಹೆಚ್ಚು' ಎಂದು ಅವರ ವರದಿಯಲ್ಲಿ ಬಂತು. ಹೊರಡುವಾಗ ಅವರಿಗೆ ಎಳನೀರು ಕೊಟ್ಟೆವು.

ಮಾರನೇ ದಿನ ಬೆಳಿಗ್ಗೆ ಆರಕ್ಕೇ ಕಾವ್ಯಶ್ರೀ ಶೂ ಕಟ್ಟಿಕೊಂಡು ಬಂದಳು. ಇಂದುಧರ ಅವರು ಕಾಯಿಯೊಂದನ್ನು ಅವಳ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ನೋಡವ್ವ, ಇನ್ನೂ ನೀರು ಐತೆ. ಈಗ ಕದಲಿಸಿದ್ರೆ ಕೆಟ್ಟೋಯ್ತವೆ. ನೀನೂ ಕೊಬ್ಬರಿ ಮನೆಯೋಳೇ ಅಲ್ವಾ, ನಿಂಗೆ ಹೇಳ್ಬೇಕಾ?" ಅವಳು ಕೊಬ್ಬರಿ ಮನೆಯವಳೇ ಆಗಿದ್ದರಿಂದ ಅದು ಅವಳಿಗೆ ಅರ್ಥವಾಯಿತು.

ಆಮೇಲೆ ಆಯ್ಕೆ ಸಮಿತಿಯಿಂದ ಅವಳ ಅರ್ಜಿ ವಾಪಸ್ ಬಂತು. ನಿವೃತ್ತರಿಗೆ ಅವಕಾಶವಿಲ್ಲ ಎಂದು ಬರೆದು, ಸಮಾರಂಭದ ಪತ್ರಿಕಾ ವರದಿಯನ್ನು ಲಗತ್ತಿಸಿದ್ದರು. ಅವಳು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟಳು.

"ಬರೀ ಕಾಗದದ ಮೇಲೆ ಅಂದಿದ್ರಿ ಸಾರ್."

"ಹೌದಮ್ಮ. ಅವರೂ ಕಾಗದಾನೇ ನೋಡೋದು," ಎಂದೆ.

ಅವಳು ಜಗಳವಾಡಿದ್ದರೆ ಚೆನ್ನಾಗಿತ್ತು. ಒಂದು ಗುದ್ದು ಕೊಟ್ಟಿದ್ದರೂ ನಾನು ತಡೆಯುತ್ತಿರಲಿಲ್ಲ. ಅವಳು ಹೋದ ಮೇಲೆ ಪೆನ್ನು ತೆಗೆದು ಕೂತೆ. ನಡಾವಳಿ ಪುಸ್ತಕದಲ್ಲಿ ಅಂಥದ್ದನ್ನು ಬರೆಯಲು ಕಾಲಂ ಇಲ್ಲ.

ವರ್ಷ ತುಂಬಿತು. ಯಾವ ಕಾಯಿ ಒಣಗಿದೆ, ಯಾವುದಕ್ಕೆ ಇನ್ನೂ ದಿನ ಬೇಕು ಎಂದು ಒಂದೊಂದನ್ನೂ ಅಲ್ಲಾಡಿಸಿ, ಕಿವಿಗೊಟ್ಟು ಕೇಳಿ ಬೇರ್ಪಡಿಸಬೇಕು, ಖಾಲಿಯಾದ ಕಡೆ ಹೊಸ ಕಾಯಿ ಜೋಡಿಸಬೇಕು. ಆಳುಗಳು ರಿಂಗು ಹತ್ತುವಂತಿಲ್ಲ, ನಿಯಮ ಏಳು ಅಡ್ಡಬರುತ್ತದೆ. ಹತ್ತಬಹುದಾದವರು ತಾಲ್ಲೂಕಿನಲ್ಲಿ ಒಬ್ಬರೇ ಇದ್ದರು. ಕುಮಾರಿ ಕಾವ್ಯಶ್ರೀಯನ್ನು ದಿನಗೂಲಿಯ ಮೇಲೆ ನೇಮಿಸಿಕೊಳ್ಳಲಾಯಿತು.

ಮೊದಲ ದಿನ ಅವಳು ಚಪ್ಪಲಿ ಕೆಳಗೆ ಬಿಟ್ಟು, ಹಗ್ಗ ಮುಟ್ಟಿ ನಮಸ್ಕಾರ ಮಾಡಿ, ಕಾಯಿಗಳ ಮಧ್ಯೆ ಕಾಲಿಗೆ ಜಾಗ ಮಾಡಿಕೊಂಡು ಒಳಗೆ ಇಳಿದಳು. ಮಧ್ಯಾಹ್ನ ಬುತ್ತಿ ತಂದ ಕೆಂಪಲಕ್ಷ್ಮಮ್ಮ ಹಗ್ಗದ ಆಚೆ ನಿಂತು ಕೇಳಿದರು:

"ನೆಲ ಹೆಂಗೈತೆ ಕಾವ್ಯ?"

"ಮೆತ್ತಗೈತೆ ಕಣವ್ವ. ಕಾಯಿ ಬಿದ್ರೂ ಸದ್ದಾಗಲ್ಲ."

ಈ ವರ್ಷವೂ ಬೆಂಗಳೂರಿನಿಂದ ಪ್ರಸ್ತುತತೆಯ ಬಗ್ಗೆ ಪತ್ರ ಬಂದಿತ್ತು. 'ತಾಲ್ಲೂಕಿನ ಎಲ್ಲ ಬಾಕ್ಸರುಗಳೂ ದಿನಕ್ಕೆ ಎಂಟು ಗಂಟೆ ಕಾಲ ರಿಂಗಿನಲ್ಲಿರುತ್ತಾರೆ' ಎಂದು ಉತ್ತರ ಬರೆದೆ. ಬಾಕ್ಸರುಗಳ ಪರವಾಗಿ ಒಂದು ರುಜು ಬೇಕಿತ್ತು. ಕಾವ್ಯಶ್ರೀ ಕೈಗೆ ಹತ್ತಿದ ನಾರನ್ನು ಲಂಗಕ್ಕೆ ಒರೆಸಿಕೊಂಡು, ಒಂದು ಸಲ ಓದಿ, ತಪ್ಪೇನಿಲ್ಲ ಸಾರ್ ಎಂದು ರುಜು ಹಾಕಿದಳು.