ಪೊಯಿಯನ್ನು ಮದ್ಯವೆಂದು ಮಾನ್ಯ ಮಾಡಿದ ಜಾಲತಾಣಕ್ಕೆ

ಮಾನ್ಯ ಆಹಾರ ಪರವಾನಗಿ ಜಾಲತಾಣ ಮಹಾಶಯರೇ,

ದಕ್ಷಿಣ ಗೋವೆಯ ಬೊರ್ಡೆಭಾಟಿನಿಂದ ಪೊದೇರ, ಅಂದರೆ ಊರಿಗೆ ಬೆಳಗಿನ ಪಾವು ಸುಟ್ಟು ಹಂಚುವ ಕುಷ್ಟೋದಿಯೊ ರೆಬೆಲೊ ಮಾಡುವ ಸವಿನಯ ವಂದನೆಗಳು. ತಮಗೆ ಕೈಗಳಿಲ್ಲವೆಂದು ತಿಳಿದೂ ಕೈಮುಗಿಯುತ್ತಿದ್ದೇನೆ. ತಾವು ಹಗಲಿರುಳೂ ಸೇವೆಗೆ ಸಿದ್ಧರೆಂದು ತಮ್ಮ ಮುಖಪುಟ ಹೇಳುತ್ತದೆ. ಆದರೂ ಊಟದ ಹೊತ್ತು ಕಳೆಯಿತೋ ಇಲ್ಲವೋ, ನಮ್ಮೂರಿನ ಅಂಗಡಿಗಳ ಹಾಗೆ ಬಾಗಿಲೆಳೆದುಕೊಂಡು ಸಂಜೆಯವರೆಗೆ ಮಾತಾಡುವುದಿಲ್ಲ. ಆ ಒಂದು ಅಭ್ಯಾಸದಿಂದಲೇ ತಾವು ಗೋವೆಯವರೆಂದು ನನಗೆ ನಂಬಿಕೆ ಹುಟ್ಟಿತು, ಈ ಪತ್ರ ಬರೆಯುವ ಧೈರ್ಯವೂ ಬಂತು.

ನಮ್ಮ ಒಲೆ ಅಜ್ಜನ ಕಾಲದ್ದು, ಮಣ್ಣಿನದು. ತಣ್ಣಗಾದರೆ ಬಿರುಕು ಬಿಡುತ್ತದೆ. ಹಾಗಾಗಿ ಅದನ್ನು ತಣ್ಣಗಾಗಲು ಬಿಟ್ಟಿಲ್ಲ. ಹಿಟ್ಟು ನಾದುವುದು, ನನ್ನನ್ನು ಬೈಯುವುದು, ಎರಡೂ ನನ್ನ ಅತ್ತೆ ಲುದೊವಿನಾ ಅವರ ಕೆಲಸ. ಅವರು ಹಿಟ್ಟಿಗೆ ತೆಂಗಿನ ಕಳ್ಳು ಸುರಿಯುತ್ತಾರೆ. ಅದರಿಂದ ಹಿಟ್ಟು ಉಬ್ಬುತ್ತದೆ, ಅಮಲನ್ನು ಬೆಂಕಿ ತಿನ್ನುತ್ತದೆ, ತವುಡು ಮೆತ್ತಿದ ದುಂಡನೆಯ ಪಾವು, ಅಂದರೆ ಪೊಯಿ, ಮಾತ್ರ ಹೊರಬರುತ್ತದೆ. ನಮ್ಮ ಪೊಯಿ ತಿಂದು ಯಾರಿಗೂ ಅಮಲೇರಿದ್ದಿಲ್ಲ. ಪಕ್ಕದ ಮನೆಯ ಮಿಂಗೆಲ್ ಈಸ್ಟರಿನ ಮುಂಚಿನ ಉಪವಾಸಕ್ಕೆ ಕುಡಿಯುವುದಿಲ್ಲವೆಂದು ಪಾದ್ರಿಗೆ ಮಾತು ಕೊಟ್ಟು, ಈ ದಾರಿಯನ್ನೂ ನಿಷ್ಠೆಯಿಂದ ಪರೀಕ್ಷಿಸಿದ. ಹೊಟ್ಟೆ ಬಂತು, ಅಮಲು ಬರಲಿಲ್ಲ.

ಹೀಗಿರುವಾಗ ಆಹಾರ ನಿರೀಕ್ಷಕರಾದ ಕೇಂಕ್ರೆ ಸಾಹೇಬರು ಬಂದು, ಬಿಸಿ ಪೊಯಿಯ ಹೊಟ್ಟೆ ಸೀಳಿ ಭಾಜಿ ತುಂಬಿಕೊಳ್ಳುತ್ತಲೇ, ನನ್ನನ್ನು ಧಣಿಯೆಂದು ಕರೆದು, "ಪಾತ್ರಾಂವ್, ಪರವಾನಗಿ ಇಲ್ದೆ ಒಲೆ ಉರಿಸೋ ಹಾಗಿಲ್ಲ. ಚರ್ಚಿನ ಹಬ್ಬದ ಒಳಗೆ ಗೋಡೆ ಮೇಲೆ ಕಾಗದ ನೇತಾಡ್ಬೇಕು. ಇಲ್ಲಾಂದ್ರೆ ನಾನೇ ಬೀಗ ಹಾಕ್ಬೇಕಾಗತ್ತೆ, ನನಗೂ ಬೇಜಾರು" ಎಂದರು. ಅವರ ಬೇಜಾರು ನಿಜವಾದದ್ದು. ಇನ್ನೊಂದು ಪೊಯಿ ಕೇಳಿದಾಗ ಅದು ಮುಖದಲ್ಲಿ ಕಾಣುತ್ತಿತ್ತು.

ಅದೇ ದಿನ ತಮ್ಮ ಸನ್ನಿಧಿಗೆ ಬಂದೆ. ನಾನು ತಯಾರಕನೋ, ದಾಸ್ತಾನುಗಾರನೋ, ಸಾಗಣೆದಾರನೋ, ತಿರುಗಿ ಮಾರುವವನೋ, ಒಂದನ್ನು ಮಾತ್ರ ಆರಿಸಬೇಕೆಂದಿರಿ. ಸುಡುವವನು, ಬುಟ್ಟಿಯಲ್ಲಿಡುವವನು, ಸೈಕಲ್ ತುಳಿಯುವವನು, ಹಾರ್ನ್ ಒತ್ತಿ ಮಾರುವವನು, ಎಲ್ಲ ನಾನೇ. ಒಬ್ಬ ಮನುಷ್ಯ ಒಂದೇ ಆಗಿರಬೇಕೆಂಬ ತಮ್ಮ ಅಪೇಕ್ಷೆ ಉದಾತ್ತವಾದದ್ದು, ನನಗೆ ಈ ವಯಸ್ಸಿನವರೆಗೂ ಸಾಧ್ಯವಾಗಿಲ್ಲ. ಸಾಗಣೆದಾರನೆಂದು ಒತ್ತಿ ನೋಡಿದೆ; ವಾಹನದ ಒಳಗಿನ ಉಷ್ಣಾಂಶ ಕೇಳಿದಿರಿ. ನನ್ನ ಸೈಕಲ್ಲಿಗೆ ಒಳಗೆಂಬುದಿಲ್ಲ. ಸೀಟು ಬೆಳಿಗ್ಗೆ ತಣ್ಣಗಿರುತ್ತದೆ, ಚರ್ಚಿನ ದಿಣ್ಣೆ ಹತ್ತಿದ ಮೇಲೆ ಬಿಸಿಯಾಗುತ್ತದೆ ಎಂದು ಬರೆದೆ. ತಾವು ಕೆಂಪಗಾದಿರಿ. ಹಿಂದೆ ಸರಿದು ತಯಾರಕನಾದೆ.

ಆಮೇಲೆ ಆ ಪ್ರಶ್ನೆ ಬಂತು: ಪದಾರ್ಥಗಳಲ್ಲಿ ಮದ್ಯಸಾರವಿದೆಯೇ, ಹೌದು ಅಥವಾ ಇಲ್ಲ. ನನ್ನ ಬೆರಳು ಗಾಳಿಯಲ್ಲಿ ನಿಂತಿತು. ಬೆನ್ನ ಹಿಂದಿನಿಂದ ಅತ್ತೆ, "ಹೌದು ಅಂತ ಒತ್ತು ಕುಷ್ಟಾ. ಸುಳ್ಳು ಹೇಳಿದ ಮನೇಲಿ ಹಿಟ್ಟು ಉಬ್ಬಲ್ಲ" ಎಂದರು. ಒತ್ತಿದೆ. ತಾವು ಕ್ಷಣಕಾಲ ಧ್ಯಾನಸ್ಥರಾಗಿ, ಪರವಾನಗಿ ಕರುಣಿಸಿಯೇ ಬಿಟ್ಟಿರಿ. ಉತ್ಪನ್ನ: ಪೊಯಿ. ವರ್ಗ: ಮದ್ಯ.

ಕೇಂಕ್ರೆ ಸಾಹೇಬರು ಕಾಗದ ಓದಿ ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ಬೀಗ ತಪ್ಪಿತಲ್ಲ, ಖುಷಿಪಡು. ಆದ್ರೆ ಇನ್ನು ಮೇಲೆ ಕಾಗದದಲ್ಲಿ ಇದ್ದ ಹಾಗೇ ನಡೀಬೇಕು ಮಾರಾಯ" ಎಂದು ಹೋದರು.

ಹಾಗೆಯೇ ನಡೆಯುತ್ತಿದ್ದೇನೆ. ಪ್ರತಿ ಪೊಯಿಯ ಮೇಲೂ ಆರೋಗ್ಯಕ್ಕೆ ಹಾನಿಕರವೆಂದು ಚೀಟಿ ಅಂಟಿಸುತ್ತೇನೆ. ಚೀಟಿ ನಿಜಕ್ಕೂ ಹಾನಿಕರ, ಗಂಟಲಿಗೆ ಅಂಟುತ್ತದೆ. ಇಪ್ಪತ್ತೊಂದು ತುಂಬದವರಿಗೆ ಕೊಡುವಂತಿಲ್ಲವಾದ್ದರಿಂದ ಶಾಲೆಯ ಮಕ್ಕಳು ಅಜ್ಜಿಯರನ್ನು ಕಳಿಸುತ್ತಿವೆ. ಮದ್ಯಕ್ಕೆ ಜಾಹೀರಾತು ನಿಷಿದ್ಧವಾದ್ದರಿಂದ ಹಾರ್ನ್ ಕಳಚಿಟ್ಟು ಮನೆಮನೆಯ ಮುಂದೆ ನಿಂತು ಕೆಮ್ಮುತ್ತೇನೆ. ಈಗ ಊರಿನಲ್ಲಿ ಯಾರಿಗೆ ನೆಗಡಿಯಾದರೂ ನಾಯಿಗಳು ಬಾಲ ಆಡಿಸುತ್ತವೆ. ಮಿಂಗೆಲನ ಹೆಂಡತಿ ನನ್ನ ಸೈಕಲ್ ಕಂಡರೆ ಬಾಗಿಲು ಹಾಕಿಕೊಂಡು, "ನಮ್ಮನೆಯವರು ಬಿಟ್ಟಿದ್ದಾರೆ, ಮತ್ತೆ ಶುರು ಮಾಡಿಸ್ಬೇಡ" ಎಂದು ಕಿಟಕಿಯಿಂದ ಕೂಗುತ್ತಾಳೆ. ಮಿಂಗೆಲ್ ಹಿತ್ತಲಿಗೆ ಬಂದು, "ಒಂದು ಲಾರ್ಜ್ ಹಾಕು" ಎನ್ನುತ್ತಾನೆ. ಎಂದೂ ಪಾವು ಕೊಳ್ಳದ ಗಂಡಸರು ಈಗ ಗುಂಪಾಗಿ ಬಂದು ಪೊಯಿ ತಿಂದು, ರೂಢಿಯಂತೆ ಹಾಡುತ್ತಾ ಮನೆಗೆ ಹೋಗುತ್ತಾರೆ.

'ಇಲ್ಲ' ಎಂದು ತಿದ್ದಿ, ಪೊಟ್ಟಣದ ಪುಡಿ ಹಾಕಿ ಉಬ್ಬಿಸಿದರೆ ಎಲ್ಲ ಸರಿಹೋಗುತ್ತದೆಂದು ಬಲ್ಲವರು ಹೇಳಿದರು. ಆ ಗುಂಡಿಯ ಮೇಲೆ ಬೆರಳಿಟ್ಟು ಕುಳಿತದ್ದೂ ಉಂಟು. ಒಳಗಿನಿಂದ ಅತ್ತೆ ಹಿಟ್ಟು ಬಡಿಯುವ ಸದ್ದು ನಿಂತಿತು. ಬೆರಳು ತೆಗೆದೆ. ಸದ್ದು ಮತ್ತೆ ಶುರುವಾಯಿತು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಸಣ್ಣದು. ಹೌದು ಮತ್ತು ಇಲ್ಲಗಳ ನಡುವೆ 'ಹೌದು, ಆದರೆ' ಎಂಬ ಒಂದು ಗುಂಡಿಯನ್ನು ದಯಪಾಲಿಸಬೇಕು. ನಮ್ಮೂರಿನ ಮದುವೆ, ಮನೆ ಪಾಲು, ಪಾಪನಿವೇದನೆ ಎಲ್ಲವೂ ಆ ಗುಂಡಿಯ ಮೇಲೆಯೇ ನಡೆದುಬಂದಿವೆ. ಅದು ಆಗದಿದ್ದರೆ ತಾವು ಖುದ್ದಾಗಿ ದಯಮಾಡಿಸಿ ಒಂದು ಬಿಸಿ ಪೊಯಿ ತಿಂದು, ನೆಟ್ಟಗೆ ನಡೆದು ತೋರಿಸಬೇಕು. ತಮಗೆ ಬಾಯಿಯೂ ಕಾಲೂ ಇಲ್ಲದಿರುವುದನ್ನು ನಾವು ದೊಡ್ಡದು ಮಾಡುವುದಿಲ್ಲ. ನನ್ನ ಸೈಕಲ್ಲಿಗೆ ಒಳಗಿಲ್ಲದ್ದನ್ನು ತಾವೂ ಹಾಗೆಯೇ ಮನ್ನಿಸಬಹುದಿತ್ತು.

ತಮ್ಮ ವಿಶ್ವಾಸಿ, ತಮ್ಮ ಕೃಪೆಯಿಂದ ಮದ್ಯೋದ್ಯಮಿ,
ಕುಷ್ಟೋದಿಯೊ ರೆಬೆಲೊ

ಮರೆತ ಮಾತು: ಇಂದು ಪಂಚಾಯತಿ ಚುನಾವಣೆ. ಮದ್ಯ ಮಾರಾಟ ನಿಷೇಧವಾದ್ದರಿಂದ ನಾನೂ ಮಾರಿಲ್ಲ, ಇಡೀ ಊರು ಪಾವಿಲ್ಲದೆ ಮತ ಹಾಕಿದೆ. ನಾಳೆಗಾಗಿ ಒಲೆ ಮಾತ್ರ ಉರಿಯುತ್ತಿದೆ. ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಯಾರೋ ಕೆಮ್ಮಿದರು. ಮತಗಟ್ಟೆಯ ಕೆಲಸಕ್ಕೆ ಬಂದಿದ್ದ ಕೇಂಕ್ರೆ ಸಾಹೇಬರು. "ಪಾತ್ರಾಂವ್, ಎರಡೇ ಎರಡು. ಪೇಪರಲ್ಲಿ ಸುತ್ತಿ ಕೊಡು" ಎಂದರು. ಒಳಗಿನಿಂದ ಅತ್ತೆ, "ಸಾಹೇಬ್ರಿಗೆ ಇಪ್ಪತ್ತೊಂದು ತುಂಬಿದೆಯಾ ಕೇಳು" ಎಂದರು. ಹಸಿವು ಮನುಷ್ಯನನ್ನು ಎಷ್ಟು ಸ್ಪಷ್ಟವಾಗಿ ಯೋಚಿಸುವಂತೆ ಮಾಡುತ್ತದೆ! ಪೊಯಿ ಬೇಕರಿ ತಿನಿಸೆಂದು ಸಾಹೇಬರೇ ತಿದ್ದಿಕೊಡುವುದಾಗಿ ಹೇಳಿ ಅಲ್ಲೇ ಫೋನಿನಲ್ಲಿ ತಮ್ಮ ಪುಟ ತೆರೆದರು. ತಾವು ಊಟ ಮುಗಿಸಿ ಮಲಗಿದ್ದಿರಿ. ಎದ್ದ ಕೂಡಲೇ ತಿಳಿಸಬೇಕಾಗಿ ವಿನಂತಿ. ಸಾಹೇಬರು ಒಲೆಯ ಪಕ್ಕದಲ್ಲೇ ಕಣ್ಣು ಮುಚ್ಚಿ ಕುಳಿತಿದ್ದಾರೆ. ವಾಸನೆಗೆ ಪರವಾನಗಿ ಬೇಕಿಲ್ಲವಂತೆ.