ನೀಲವ್ವ ಕಾಕುವಿನ ಜೀರುಂಡೆ

ಆ ಮಾತನ್ನು ಹೇಳದೆ ಶಾಂಭವಿಗೆ ನಾಲ್ಕು ದಿನವಾಗಿತ್ತು. ಡೈರಿಯಲ್ಲಿ ಮಾತ್ರ ನಾಲ್ಕೂ ದಿನ ಬರೆದಿದ್ದಳು: ‘ಕಾಕಾಗೆ ಇವತ್ತೂ ಹೇಳಲಿಲ್ಲ. ನನ್ನದೇ ತಪ್ಪಾಗಿದ್ದರೆ?’ ಇತಿಹಾಸದಲ್ಲಿ ಎಂ.ಎ. ಮಾಡಿದ್ದರೂ ಮನೆಯಲ್ಲಿ ಎದುರಾಡಿ ಅವಳಿಗೆ ರೂಢಿಯಿರಲಿಲ್ಲ.

ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ರಬ್ಬರ್ ಸ್ಟಾಂಪ್ ಕೆತ್ತಿದ ಗುರುಸಿದ್ಧಪ್ಪ ಕಾಕಾ ಈಚೆಗೆ ವಿಜ್ಞಾನಿಯಾಗಿದ್ದರು. ಮರುದಿನ ಅವರ ಹೆಂಡತಿ ನೀಲವ್ವ ಕಾಕುವಿನ ಮೊಣಕಾಲಿಗೆ ಆಪರೇಷನ್. ಅವಳ ಕೂದಲೂ ಕೊಂಕಬಾರದೆಂದು, ಶಾಂಭವಿಯ ಪುಸ್ತಕದಲ್ಲಿದ್ದ ಈಜಿಪ್ಟಿನ ತಾಯತ ನೋಡಿ ನೀಲಿ ಜೀರುಂಡೆಯೊಂದನ್ನು ಮಾಡಿದ್ದರು. ಅದರ ಹೊಟ್ಟೆಯಡಿ ‘ಸೂರ್ಯಪುತ್ರನಾದ ದೊರೆ ಇವರನ್ನು ಕಾಯಲಿ’ ಎಂಬ ಚಿತ್ರಲಿಪಿ, ಒಳಗೆ ಗಡಿಯಾರದ ಸೆಲ್ಲು ಮತ್ತು ಅವರದೇ ಶೋಧವಾದ ತಳ್ಳುಕಿರಣ. ಯಂತ್ರವು ಬರಹವನ್ನು ಓದಿಕೊಂಡು, ಹತ್ತಿರ ಬಂದ ಕೇಡನ್ನು ದೂರ ತಳ್ಳಬೇಕು. ಆದರೆ ಪುಸ್ತಕದಲ್ಲಿ ಬಲಕ್ಕೆ ನೋಡುತ್ತಿದ್ದ ಹಕ್ಕಿಗಳೆಲ್ಲ ಜೀರುಂಡೆಯ ಮೇಲೆ ಎಡಕ್ಕೆ ನೋಡುತ್ತಿದ್ದವು. ಶಾಂಭವಿ ನುಂಗಿಕೊಂಡ ಮಾತು ಅದೇ.

ಪಡಸಾಲೆಯಲ್ಲಿ ಕಾಕಾ ಜೀರುಂಡೆಯನ್ನು ಹೆಂಡತಿಯ ಮುಂಗೈಗೆ ಕಟ್ಟಿ, ಹತ್ತು ಹೆಜ್ಜೆ ದೂರ ನಿಂತು ನಿಂಬೆಹಣ್ಣು ಎಸೆದರು. ಅದು ನೆಟ್ಟಗೆ ಹೋಗಿ ಕಾಕುವಿನ ಹಣೆಗೆ ಬಡಿಯಿತು.

“ನಿಂಬೆಹಣ್ಣಿನಾಗ ಕೇಡಿಲ್ಲಲ್ಲ, ಅದಕ್ಕ,” ಎಂದರು ಕಾಕಾ.

ಹಣೆ ತಿಕ್ಕಿಕೊಳ್ಳುತ್ತ ಕಾಕು ಚಹಾಕ್ಕೆ ಕೈ ಚಾಚಿದಳು. ಕಪ್ಪು ಅತ್ತ ಸರಿಯಿತು. ಬಗ್ಗಿದಳು, ಟೀಪಾಯಿಯೇ ಹೊರಟಿತು. ಎದ್ದು ಮತ್ತೆ ಕೂರಲು ಹೋದರೆ ಕುರ್ಚಿ ಗೋಡೆಯವರೆಗೆ ಓಡಿ ನಿಂತಿತು. ಕಾಕಾ ಹಿಗ್ಗಿ, ಶಕ್ತಿ ತುಸು ಜಾಸ್ತಿಯಾಗಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಇದನ್ನು ಬಿಚ್ಚಿ ಎಂದು ಕಾಕು ಕುಂಟುತ್ತ ಅವರತ್ತ ಬಂದಳು. ಅವಳು ಒಂದು ಹೆಜ್ಜೆ ಇಟ್ಟರೆ ಕಾಕಾ ನಾಲ್ಕು ಹೆಜ್ಜೆ ಹಿಂದಕ್ಕೆ ಜಾರಿದರು. ಹಾಗೇ ಅಂಗಳ ದಾಟಿ, ಗೇಟು ದಾಟಿ, ಎದುರಿನ ಪಾನ್ ಅಂಗಡಿಗೆ ಬೆನ್ನು ಹಚ್ಚಿ ನಿಂತರು.

“ನಲವತ್ತು ವರ್ಷದಾಗ ಇವ್ರನ್ನ ನನ್ನ ಕೈಯಿಂದ ಯಾರೂ ಉಳಿಸಿದ್ದಿಲ್ಲ ನೋಡವಾ,” ಎಂದಳು ಕಾಕು ಶಾಂಭವಿಗೆ.

ಅಲ್ಲಿಂದಲೇ ಕಾಕಾ, ನಾಳೆ ಆಪರೇಷನ್ ಮುಗಿಯುವ ತನಕ ಅದನ್ನು ಬಿಚ್ಚಕೂಡದು ಎಂದು ಕೂಗಿ ಅಪ್ಪಣೆ ಮಾಡಿದರು. ಬಿಚ್ಚಲು ಹೋದ ಕಾಕುವಿನ ಕೈ ಅಲ್ಲೇ ನಿಂತಿತು. ಶಾಂಭವಿಗೆ, ಕಾಕು ಹತ್ತಿರ ಬಂದಂತೆಲ್ಲ ಕತ್ತರಿ ಹಿಡಿದ ಡಾಕ್ಟರು ಆಸ್ಪತ್ರೆಯ ಉದ್ದಕ್ಕೂ ಹಿಂದಕ್ಕೆ ಜಾರುತ್ತ ಹೋಗುವುದು ಕಣ್ಣಿಗೆ ಕಟ್ಟಿತು. ಗೇಟಿನ ತನಕ ಹೋದಳು.

“ಕಾಕಾ, ನನಗ ನಾಕು ದಿನದಿಂದ ಗೊತ್ತಿತ್ರಿ. ಸ್ಟಾಂಪಿಗೆ ಕೆತ್ತಿದಂಗ ಉಲ್ಟಾ ಕೆತ್ತೀರಿ. ಅದು ಕಾಕುನ್ನ ಕಾಯಾಕತ್ತಿಲ್ಲ. ಕಾಕುನಿಂದ ಊರನ್ನ ಕಾಯಾಕತ್ತೇತಿ.”